ದ್ಯಾಮಕ್ಕನ ಅರ್ಧ ನಿದ್ದೆ

ದ್ಯಾಮಕ್ಕನಿಗೆ ಮನೆ ಮಂಜೂರಾದ ದಿನ ನಾನು ಅವಳು ಹಂಚಿದ ಪೇಡೆ ಬಾಯಿಗೆ ಹಾಕಿಕೊಂಡೆ, ಹಲ್ಲು ಕಾಣುವಂತೆ ನಕ್ಕೆ, ಅವಳ ಕೈ ಹಿಡಿದು, "ಚಲೋ ಆತ ಬಿಡಕ್ಕಾ" ಎಂದೆ. ಆಮೇಲೆ ಮೇಲ್ಸೇತುವೆಯ ಕಂಬದ ಹಿಂದೆ ಹೋಗಿ ಪೇಡೆ ಉಗುಳಿದೆ. ಹೊಟ್ಟೆಕಿಚ್ಚು ಎಂಬುದು ಬರೀ ಮಾತಲ್ಲ, ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಹೊಕ್ಕುಳದಿಂದ ನಾಲ್ಕು ಬೆರಳು ಮೇಲೆ, ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಎರಡು ದಿನ ಊಟ ಸೇರಲಿಲ್ಲ.

ನಾವಿಬ್ಬರೂ ಉಳ್ಳಾಗಡ್ಡಿ ಪೇಟೆಯವರು. ರಾತ್ರಿ ಎಂಟರಿಂದ ಲಾರಿಗಳು ಬರುತ್ತವೆ. ಆಗಿನಿಂದ ಬೆಳಗಿನ ಹತ್ತು ಗಂಟೆಯವರೆಗೆ ಕೊಳೆತದ್ದು, ಸಣ್ಣದು, ದಪ್ಪನೆಯದು ಎಂದು ಈರುಳ್ಳಿ ಗಡ್ಡೆ ಆರಿಸುವುದು ನಮ್ಮ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ಮೇಲ್ಸೇತುವೆಯ ಕೆಳಗೆ ಗೋಣಿತಟ್ಟು ಹಾಸಿ ಮಲಗುತ್ತಿದ್ದೆವು. ಊರೆಲ್ಲ ಕೆಲಸಕ್ಕೆ ಹೋದಾಗ ನಮಗೆ ನಿದ್ದೆಯ ಹೊತ್ತು. ಹೀಗೆ ಹನ್ನೊಂದು ವರ್ಷ. ದ್ಯಾಮಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ರಕ್ತಸಂಬಂಧ ಏನೂ ಇಲ್ಲ, ಅಕ್ಕ ಎಂದು ಕರೆಯುವುದು ರೂಢಿ ಅಷ್ಟೇ. ಪೇಟೆಯಲ್ಲಿ ಎಲ್ಲರಿಗೂ ಅವಳನ್ನು ಕಂಡರೆ ಅಕ್ಕರೆ. ಕೂಲಿಯವರ ಮೇಲಿನ ಮುಕಾದಮ ಅವಳಿಗೆ ನೆರಳಿನ ಜಾಗ ಕೊಡುತ್ತಿದ್ದ, ಚಹಾದವನು ಅವಳ ಲೋಟಕ್ಕೆ ಎರಡು ಗುಟುಕು ಹೆಚ್ಚು ಹಾಕುತ್ತಿದ್ದ. ನಾನು ಅವಳ ಲೋಟವನ್ನೂ ನನ್ನ ಲೋಟವನ್ನೂ ಒಟ್ಟಿಗಿಟ್ಟು ನೋಡುತ್ತಿದ್ದೆ. ನನ್ನ ಹೆಸರು ಪಕ್ಕೀರವ್ವ. ಕೈ ಚುರುಕು, ಬಾಯಿ ಇನ್ನೂ ಚುರುಕು, ಎಸ್ಸೆಸ್ಸೆಲ್ಸಿ ಪಾಸು. ಇಷ್ಟೆಲ್ಲ ಇದ್ದೂ ಮನೆ ಸಿಕ್ಕದ್ದು ಅವಳಿಗೆ.

ಸಿಕ್ಕದ್ದು ನಿದ್ದೆಯಿಂದ. ಅಥವಾ ನಿದ್ದೆ ಇಲ್ಲದ್ದರಿಂದ ಎನ್ನಿ.

ಪಾಲಿಕೆಯವರು ಹಳೇ ಹತ್ತಿ ಮಿಲ್ಲಿನ ಬಯಲಿನಲ್ಲಿ ಮನೆ ಕಟ್ಟುವ ಯಂತ್ರಗಳನ್ನು ತಂದು ನಿಲ್ಲಿಸಿದ್ದರು. ಮಣ್ಣು, ಸುಣ್ಣ ಕಲಸಿದ ಗಾರೆಯನ್ನು ಅವು ಶ್ಯಾವಿಗೆ ಒತ್ತಿದ ಹಾಗೆ ಎಳೆ ಎಳೆಯಾಗಿ ಒತ್ತಿ ಗೋಡೆ ಎಬ್ಬಿಸುತ್ತಿದ್ದವು. ಆರು ದಿನಕ್ಕೊಂದು ಮನೆ. ಯಂತ್ರ ನಾಲ್ಕು, ಊರಿನಲ್ಲಿ ಬೀದಿಯಲ್ಲಿ ಮಲಗುವವರು ಆರು ಸಾವಿರಕ್ಕೂ ಹೆಚ್ಚು. ಮೊದಲು ಯಾರಿಗೆ ಕೊಡಬೇಕು? ಕಾಗದಪತ್ರ ಕೇಳಿ ನೋಡಿದರು. ಮನೆ ಇಲ್ಲದವರ ಹತ್ತಿರ ವಿಳಾಸದ ಕಾಗದ ಎಲ್ಲಿಂದ ಬರಬೇಕು? ಚೀಟಿ ಎತ್ತಿ ನೋಡಿದರು. ಎರಡಂತಸ್ತಿನ ಮನೆಯವರು ಹರಕು ಸೀರೆ ಉಟ್ಟು ಸಾಲಿನಲ್ಲಿ ನಿಂತರು. ಕಡೆಗೆ ಬಂದವರು ಡಾಕ್ಟರ್ ಸುಮಿತ್ರಾ ಹಂಚಿನಮನಿ ಎಂಬ ನಿದ್ದೆಯ ವಿಜ್ಞಾನಿ. ಹೆಸರಿನಲ್ಲೇ ಮನೆ ಇಟ್ಟುಕೊಂಡವರು, ಅವರನ್ನು ಕಂಡೂ ನನಗೆ ಒಳಗೊಳಗೇ ಉರಿಯುತ್ತಿತ್ತು.

ಅವರು ಹೇಳಿದ್ದು ಇಷ್ಟು. ಹೊಸ ಜಾಗದಲ್ಲಿ ಮಲಗಿದ ಮನುಷ್ಯನ ಮಿದುಳು ಪೂರ್ತಿ ಮಲಗುವುದಿಲ್ಲ. ಬಲಭಾಗ ಮಲಗುತ್ತದೆ, ಎಡಭಾಗ ಕಾವಲು ಕೂರುತ್ತದೆ. ನೆಂಟರ ಮನೆಯಲ್ಲಿ ಮೊದಲ ದಿನ ಸರಿಯಾಗಿ ನಿದ್ದೆ ಬಾರದಿರುವುದು ಇದಕ್ಕೇ. ಮನೆಯಿದ್ದವರಿಗೆ ಎರಡು ದಿನದಲ್ಲಿ ಅದು ಸರಿಹೋಗುತ್ತದೆ. ಮನೆಯಿಲ್ಲದವರಿಗೆ ಪ್ರತಿ ದಿನವೂ ಮೊದಲ ದಿನವೇ. ಹಾಗಾಗಿ ತಲೆಗೆ ಪಟ್ಟಿಯೊಂದನ್ನು ಕಟ್ಟಿ, ನಿದ್ದೆಯ ಪ್ರತಿ ಒಂದು ತಾಸಿನಲ್ಲಿ ಎಡಮಿದುಳು ಎಷ್ಟು ನಿಮಿಷ ಎಚ್ಚರವಿತ್ತೆಂದು ಅಳೆದರೆ ಸಾಕು, ಯಾರು ಎಷ್ಟು ನಿರ್ಗತಿಕರೆಂದು ಗೊತ್ತಾಗುತ್ತದೆ. ಹರಕು ಸೀರೆ ಉಡಬಹುದು, ಮಿದುಳಿಗೆ ವೇಷ ಹಾಕಲಿಕ್ಕೆ ಬರುವುದಿಲ್ಲ. ಆ ನಿಮಿಷಗಳೇ ಎಚ್ಚರದ ಅಂಕ. ಮನೆಯಲ್ಲಿ ಮಲಗುವವರಿಗೆ ಹತ್ತರೊಳಗೆ ಇರುತ್ತದೆ. ನಲವತ್ತು ದಾಟಿದವರಿಗೆ, ಹೆಚ್ಚು ಅಂಕದವರಿಗೆ ಮೊದಲು ಎಂಬಂತೆ, ಮನೆ.

ನಮಗೂ ಪಟ್ಟಿ ಕಟ್ಟಿದರು. ಕರವಸ್ತ್ರದಷ್ಟು ತೆಳ್ಳಗಿನ ಪಟ್ಟಿ, ಕಿವಿಯ ಮೇಲೆ ಗುಂಡಿಯಂಥ ನಾಲ್ಕು ಬಿಲ್ಲೆ, ಮೈಶಾಖದಿಂದಲೇ ನಡೆಯುತ್ತಿತ್ತು. ನನ್ನದು ೩೧೧೭, ದ್ಯಾಮಕ್ಕನದು ೩೧೧೮. ಅದೇ ಸಮಯಕ್ಕೆ ಪಾಲಿಕೆಯ ನಿದ್ರಾ ಕೇಂದ್ರದಲ್ಲಿ ಸಂಜೆ ಐದರಿಂದ ಏಳರವರೆಗೆ ಕಸ ಹೊಡೆಯುವ ಕೆಲಸವೂ ನನಗೆ ಸಿಕ್ಕಿತು. ಕೇಂದ್ರದ ಒಂದು ಗೋಡೆಯ ತುಂಬ ಪರದೆ. ಊರಿನ ನಕ್ಷೆಯ ಮೇಲೆ ಪ್ರತಿಯೊಂದು ಪಟ್ಟಿಗೂ ಒಂದು ಚುಕ್ಕೆ. ಎಚ್ಚರದ ಅಂಕ ಹೆಚ್ಚಿದ್ದವರದ್ದು ಕೆಂಪು, ಕಡಿಮೆಯಿದ್ದವರದ್ದು ನೀಲಿ. ಪೊರಕೆ ಹಿಡಿದೇ ನಾನು ಅದನ್ನು ಓದುವುದನ್ನು ಕಲಿತೆ.

ಮೂರು ತಿಂಗಳ ಮೇಲೆ ನನ್ನ ಅಂಕ ನೋಡಿದೆ. ಒಂಬತ್ತು.

"ಮೇಡಂ, ಇದು ಕೆಟ್ಟೈತೇನ್ರಿ?" ಎಂದೆ.

ಡಾಕ್ಟರು ಕನ್ನಡಕ ಮೇಲೇರಿಸಿ ನೋಡಿದರು. "ಕೆಟ್ಟಿಲ್ಲ ಪಕ್ಕೀರವ್ವ. ನೀ ಭಾಳ ಆರಾಮ ಮಲಗ್ತಿ. ನನಗೂ ಇಷ್ಟ ಚಲೋ ನಿದ್ದಿ ಬರೂದಿಲ್ಲ."

"ನಾ ಫುಟ್‌ಪಾತಿನ ಮ್ಯಾಲ ಮಲಗೂದ್ರಿ!"

"ಅದು ಖರೇ. ಆದ್ರ ನಿನ್ನ ಮಿದುಳಿಗೆ ಅದು ಗೊತ್ತಿಲ್ಲ. ಅದು ಮನ್ಯಾಗ ಅದೀನಿ ಅಂತ ತಿಳದೈತಿ."

ನನ್ನ ಮಿದುಳು ನನಗೇ ಕೈ ಕೊಟ್ಟಿತ್ತು. ದ್ಯಾಮಕ್ಕನ ಅಂಕ ಐವತ್ತೊಂದು. ಪೇಟೆಯವರೆಲ್ಲ ನನ್ನನ್ನು ಕುಂಭಕರ್ಣನ ತಂಗಿ ಎಂದು ಕರೆಯತೊಡಗಿದರು. ಅವಳೂ ನಕ್ಕಳು. ಅದನ್ನು ನಾನು ಮರೆಯಲಿಲ್ಲ.

ಕೀಲಿಕೈ ಕೊಟ್ಟ ದಿನ ಮನೆ ನೋಡಲು ನನ್ನನ್ನೂ ಕರೆದುಕೊಂಡು ಹೋದಳು. ಮಿಲ್ಲಿನ ಬಯಲು ಸೇತುವೆಯ ಎದುರಿಗೇ, ರಸ್ತೆ ದಾಟಿದರೆ ಆಯಿತು. ಒಂದು ಕೋಣೆ, ಮೂಲೆಯಲ್ಲಿ ಒಲೆಗಟ್ಟೆ, ಹಿಂದೆ ಬಚ್ಚಲು, ನಲ್ಲಿ. ನಾನು ನಲ್ಲಿ ತಿರುಗಿಸಿದೆ. ನೀರು ಬಂತು. ನೀರು ಬಂದದ್ದೇ ನನಗೆ ಸಿಟ್ಟು. ಗೋಡೆಯಲ್ಲಿ ಬಿರುಕು ಇದೆಯೇ ಎಂದು ಹುಡುಕಿದೆ, ನೆಲ ತಗ್ಗಿದೆಯೇ ಎಂದು ಹೆಜ್ಜೆ ಊರಿ ನೋಡಿದೆ, ಏನೂ ಸಿಗಲಿಲ್ಲ. ಕಡೆಗೆ, "ಕಿಟಕಿ ಪಶ್ಚಿಮಕ್ಕೈತಿ, ಸಂಜಿಮುಂದ ಬಿಸಲ ಹೊಡೀತೈತಿ ನೋಡಕ್ಕಾ" ಎಂದು ಮೂಗು ಮುರಿದೆ.

"ಹೊಡೀಲಿ ಬಿಡ. ನೀನೂ ಬಂದಬಿಡ ಇಲ್ಲೆ. ಇಬ್ಬರಿಗೆ ಸಾಕಾಗತೈತಿ," ಎಂದಳು ದ್ಯಾಮಕ್ಕ.

ಹಾಗೆ ಬರುವಂತಿರಲಿಲ್ಲ. ಮನೆ ಪಡೆದವರು ಅದನ್ನು ಬಾಡಿಗೆಗೆ ಕೊಟ್ಟು ಮತ್ತೆ ಬೀದಿಗೆ ಬರುತ್ತಾರೆಂದು ಪಾಲಿಕೆ ನಿಯಮ ಮಾಡಿತ್ತು. ಮೊದಲ ತೊಂಬತ್ತು ದಿನ ಮನೆಯಲ್ಲಿ ಮಂಜೂರಾದವರು ಮಾತ್ರ ಮಲಗಬೇಕು, ತಲೆಪಟ್ಟಿ ಕಟ್ಟಿಕೊಂಡೇ ಮಲಗಬೇಕು. ಅಷ್ಟರಲ್ಲಿ ಅಂಕ ಹದಿನೈದಕ್ಕಿಂತ ಕೆಳಗಿಳಿದರೆ ಮನೆ ಖಾಯಂ. ಇಳಿಯದಿದ್ದರೆ, ಇವರ ಎಚ್ಚರ ಬೇರೇನೋ ಕಾಯಿಲೆಯದ್ದು, ಮನೆ ಇಲ್ಲದ್ದರಿಂದ ಬಂದದ್ದಲ್ಲ ಎಂದು ಮನೆ ವಾಪಸ್. ಒಡಹುಟ್ಟಿದವರು, ಗಂಡ, ಮಕ್ಕಳು ಜೊತೆಗಿರಬಹುದಿತ್ತು. ನಾನು ಅವಳಿಗೆ ಏನೂ ಅಲ್ಲ. ನಾನು ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ, ಸ್ವಲ್ಪ ಖುಷಿಯಿಂದಲೇ ಹೇಳಿದೆ.

ಅವಳು ಹೋದ ಮೊದಲ ಮಧ್ಯಾಹ್ನ ನಾನು ಗೋಣಿತಟ್ಟಿನ ಮೇಲೆ ಒಬ್ಬಳೇ ಮಲಗಿ ಎದುರಿನ ಕಿಟಕಿ ನೋಡುತ್ತಿದ್ದೆ. ಅವಳು ಈಗ ಕಾಲು ಚಾಚಿರುತ್ತಾಳೆ. ಈಗ ಮಗ್ಗುಲು ಬದಲಿಸಿರುತ್ತಾಳೆ. ಈಗ ಎದ್ದು ನಲ್ಲಿ ತಿರುಗಿಸಿ ನೀರು ಕುಡಿದಿರುತ್ತಾಳೆ. ಹೀಗೆ ನೆನೆಸಿ ನೆನೆಸಿಯೇ ನಾಲ್ಕು ಗಂಟೆಯಾಯಿತು. ಮರುದಿನವೂ ಅಷ್ಟೇ. ಒಂದು ವಾರದಲ್ಲಿ ನನ್ನ ಕಣ್ಣುಗಳು ಕೆಂಡವಾದವು.

ಕೇಂದ್ರದ ಬಾಗಿಲ ಬಳಿ ತಕರಾರು ಪೆಟ್ಟಿಗೆಯೊಂದಿತ್ತು. ಹೆಸರು ಬರೆಯಬೇಕಾಗಿರಲಿಲ್ಲ. ಒಂದು ಸಂಜೆ ಅದರ ಸುತ್ತ ಕಸ ಹೊಡೆಯುತ್ತಾ, ಡಾಕ್ಟರ ಮೇಜಿನ ಮೇಲಿನ ಹಾಳೆ ತೆಗೆದುಕೊಂಡು ಬರೆದೆ. '೩೧೧೮ನೇ ಪಟ್ಟಿಯ ದ್ಯಾಮವ್ವ ನಿದ್ದೆ ಬಂದರೂ ಪೂರ್ತಿ ಮಲಗುವುದಿಲ್ಲ. ತುಟಿಯಲ್ಲಿ ತಂಬಾಕು, ಸುಣ್ಣ ಇಟ್ಟುಕೊಂಡು, ಕಂಬಕ್ಕೆ ಒರಗಿ, ತೊಡೆ ಚಿವುಟಿಕೊಳ್ಳುತ್ತಾ ಬೇಕಂತಲೇ ಎಚ್ಚರ ಇರುತ್ತಾಳೆ. ಅಂಕ ಏರಿಸಲು ಮಾಡಿದ ಮೋಸ ಇದು.'

ಬರೆದದ್ದು ಪೂರ್ತಿ ಸುಳ್ಳಲ್ಲ. ಅವಳು ಹಾಗೆ ಕೂತು ತೂಕಡಿಸುವುದನ್ನು ನಾನು ಎಷ್ಟೋ ಸಲ ಮಗ್ಗುಲು ಬದಲಿಸುವಾಗ ಅರೆಗಣ್ಣಿನಲ್ಲಿ ನೋಡಿದ್ದೆ. ತಲೆಪಟ್ಟಿ ಎಂಬುದು ಹುಟ್ಟುವ ಹತ್ತು ವರ್ಷ ಮೊದಲಿನಿಂದಲೂ ಅವಳು ಹಾಗೆಯೇ ಕೂರುತ್ತಿದ್ದಳು ಎಂಬುದನ್ನು ಮಾತ್ರ ಬರೆಯಲಿಲ್ಲ. ಯಾಕೆ ಹಾಗೆ ಕೂರುತ್ತಾಳೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹಾಳೆ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಆ ಸಂಜೆ ಹಸಿವಾಯಿತು, ಹೊಟ್ಟೆ ತುಂಬ ಉಂಡೆ.

ಮುಂದಿನ ವಾರಗಳಲ್ಲಿ ಪರದೆಯ ಮೇಲೆ ಎರಡು ವಿಚಿತ್ರ ನಡೆದವು. ಮನೆಯೊಳಗಿದ್ದ ೩೧೧೮ರ ಚುಕ್ಕೆ ಕೆಂಪಾಗಿಯೇ ಉಳಿಯಿತು; ಅಂಕ ನಲವತ್ತೇಳಕ್ಕಿಂತ ಕೆಳಗಿಳಿಯಲಿಲ್ಲ. ಬೀದಿಯಲ್ಲಿದ್ದ ನನ್ನ ಚುಕ್ಕೆ ನೀಲಿಯಿಂದ ಕೆಂಪಾಯಿತು. ಇಪ್ಪತ್ತು, ಮೂವತ್ತೆಂಟು, ಐವತ್ತೆಂಟು. ಅಂಕ ಏರಿದಾಗಲೆಲ್ಲ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷ. ಕಣ್ಣುರಿ, ತಲೆನೋವು, ಯಾವುದಕ್ಕೂ ಲಕ್ಷ್ಯ ಕೊಡಲಿಲ್ಲ.

ತೊಂಬತ್ತನೇ ದಿನ ವಿಚಾರಣೆ. ಕೇಂದ್ರದಲ್ಲೇ, ಬೆಳಗಿನ ಹನ್ನೊಂದಕ್ಕೆ. ವಸತಿ ಶಾಖೆಯ ಅಧಿಕಾರಿ ಇಟಗಿ ಸಾಹೇಬರು ಮೇಜಿನ ಹಿಂದೆ, ಡಾಕ್ಟರು ಪರದೆಯ ಪಕ್ಕ, ದ್ಯಾಮಕ್ಕ ಕುರ್ಚಿಯ ತುದಿಯಲ್ಲಿ. ನನ್ನನ್ನೂ ಕರೆಸಿದ್ದರು. ಡಾಕ್ಟರು ಯಾಕೆ ಕರೆಸಿದರೆಂದು ಗೊತ್ತಿರಲಿಲ್ಲ. ಅಕ್ಷರ ಗುರುತು ಹಿಡಿದರೇ ಎಂದು ಬಾಗಿಲ ಪಕ್ಕವೇ ನಿಂತೆ.

ಇಟಗಿ ಸಾಹೇಬರು ತಕರಾರು ಓದಿದರು. ತೊಡೆ ಚಿವುಟಿಕೊಳ್ಳುವ ಮಾತು ಬಂದಾಗ ದ್ಯಾಮಕ್ಕ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಒಮ್ಮೆ ಅಷ್ಟೇ. ನಾನು ನೆಲ ನೋಡಿದೆ.

"ಸಾಹೇಬ್ರ, ಮೊದಲ ಇದನ್ನಷ್ಟ ನೋಡ್ರಿ," ಎಂದು ಡಾಕ್ಟರು ಪರದೆಯ ಮೇಲೆ ಎರಡು ಗೆರೆ ತಂದರು. "ಇವು ಮನಿ ಕೊಡೂಕಿಂತ ಮೊದಲಿನ ಗೆರಿ. ಮ್ಯಾಲಿಂದು ದ್ಯಾಮವ್ವಂದು, ಕೆಳಗಿಂದು ಪಕ್ಕೀರವ್ವಂದು. ಕೆಳಗಿನ ಗೆರಿ ಇಳದಾಗೆಲ್ಲ ಮ್ಯಾಲಿಂದು ಏರೈತಿ. ಪಕ್ಕೀರವ್ವ ಮಲಗಿದಾಗೆಲ್ಲ ದ್ಯಾಮವ್ವನ ಎಡಮಿದುಳು ಎಚ್ಚರೈತಿ. ಸಂಜಿ ಐದರಿಂದ ಏಳರತನ ಪಕ್ಕೀರವ್ವ ಇಲ್ಲೆ ಕಸ ಹೊಡೀತಿರ್ತಾಳ. ಆ ಎರಡ ತಾಸ ಅಷ್ಟ ದ್ಯಾಮವ್ವ ಪೂರ್ತಿ ಮಲಗ್ಯಾಳ. ದಿನಾ ಹಿಂಗ. ಮನಿಗೆ ಹೋದ ಮ್ಯಾಲೂ ಅಷ್ಟ, ಪಕ್ಕೀರವ್ವ ಸೇತುವಿ ಕೆಳಗ ಇರೂತನ ಈಕಿ ಎಚ್ಚರನ."

"ಹಂಗಂದ್ರ ಏನ್ರಿ ಮೇಡಂ?"

"ಕೆರ್ಯಾಗ ಬಾತುಕೋಳಿ ಗುಂಪಾಗಿ ಮಲಗ್ತಾವಲ್ಲ, ನಡುವಿನವು ಎರಡೂ ಕಣ್ಣ ಮುಚ್ಚತಾವ. ಅಂಚಿನಾಗ ಇದ್ದದ್ದು ಒಂದ ಕಣ್ಣ ತೆರದ ಮಲಗತೈತಿ. ಇದನ್ನ ನಾ ಓದೇನಿ, ಹುಡುಗರಿಗೆ ಪಾಠಾನೂ ಹೇಳೇನಿ. ಆದ್ರ ಈ ಪಟ್ಟಿ ಮಾಡುವಾಗ ನನ್ನ ತಲ್ಯಾಗ ಬರಲಿಲ್ಲ. ನಾ ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಅಳದೆ. ಯಾರು ಯಾರನ್ನ ಕಾಯತಾರ ಅನ್ನೂದು ಅಳೀಲಿಲ್ಲ. ತಪ್ಪು ನಂದು."

ನನಗೆ ಅವರು ಹೇಳಿದ್ದು ಅರ್ಥವಾಯಿತು, ಆದರೆ ಅದು ಎದೆಗೆ ಇಳಿಯಲಿಲ್ಲ. ಮನೆ ಏನಾಗುತ್ತದೆ ಎಂಬುದೊಂದೇ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಇಟಗಿ ಸಾಹೇಬರು ಕೆಟ್ಟವರಲ್ಲ. ನಿಯಮದ ಪುಸ್ತಕ ತಿರುವಿ ಹೇಳಿದರು. "ಬಾತುಕೋಳಿ ನಿಯಮದಾಗ ಇಲ್ಲ ಮೇಡಂ. ಆದ್ರೂ ಒಂದ ದಾರಿ ಐತಿ. ದ್ಯಾಮವ್ವ, ತಕರಾರು ಸುಳ್ಳು ಅಂತ ಹೆಬ್ಬಟ್ಟ ಒತ್ತಿದ್ರ ಇನ್ನೂ ತೊಂಬತ್ತ ದಿನ ಅವಧಿ ಕೊಡತೀನಿ. ಅಷ್ಟರಾಗ ಮನಿ ಒಗ್ಗಬಹುದು. ಖರೇ ಅಂತ ಒಪ್ಪಿದ್ರ ಮಾತ್ರ ಇವತ್ತ ಕೀಲಿಕೈ ಕೊಟ್ಟ ಹೋಗಬೇಕಾಗತೈತಿ."

ದ್ಯಾಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಹೇಬ್ರ, ನಾ ಬಿಟ್ಟರ ಆ ಮನಿ ಯಾರಿಗೆ ಹೋಗತೈತ್ರಿ?"

ಸಾಹೇಬರು ಕಂಪ್ಯೂಟರ್ ನೋಡಿದರು. "ಈಗ ಎಲ್ಲಾರಕಿಂತ ಹೆಚ್ಚ ಅಂಕ… ಮೂವತ್ತೊಂದು ಹದಿನೇಳು. ಐವತ್ತೆಂಟು." ತಲೆಯೆತ್ತಿ ನನ್ನ ಕಡೆ ನೋಡಿದರು. "ಈಕಿಗೇ."

"ಹಂಗಾರ ತಕರಾರು ಖರೇನ ಐತ್ರಿ," ಎಂದಳು ದ್ಯಾಮಕ್ಕ. "ನಾ ಬೇಕಂತನ ಎಚ್ಚರ ಇದ್ದೆ."

"ದ್ಯಾಮವ್ವ, ತುಸು ವಿಚಾರ ಮಾಡು," ಎಂದರು ಡಾಕ್ಟರು.

"ಮಾಡೇನ್ರಿ," ಎಂದು ಸೊಂಟದಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟಳು.

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನನಗಾದದ್ದು ಸಂತೋಷ. ನಲ್ಲಿ ಕಣ್ಮುಂದೆ ಬಂತು, ಒಲೆಗಟ್ಟೆ ಬಂತು, ಪಶ್ಚಿಮದ ಕಿಟಕಿಯೂ ಬಂತು. ಅವಳದ್ದೆಲ್ಲ ನನ್ನದಾಯಿತು ಎಂದು ಒಳಗೊಳಗೇ ಕುಣಿದೆ. ಇದನ್ನು ಮುಚ್ಚಿಟ್ಟು ಬೇರೆ ಏನಾದರೂ ಬರೆದರೆ ನನ್ನ ಬಾಯಲ್ಲಿ ಹುಳ ಬೀಳಲಿ.

ಅವಳು ತನ್ನ ಗಂಟು ಹೊತ್ತು ರಸ್ತೆ ದಾಟುವ ಮೊದಲು ನನ್ನ ಕೈಗೆ ಪೊರಕೆ ಕೊಟ್ಟಳು. "ನೀರ ಮುಂಜಾನಿ ಹನ್ನೊಂದಕ್ಕ ಬಿಡತಾರ, ತುಂಬಿಟ್ಕೊ. ಒಲಿ ಎಡಗಡೆ ಗುಂಡಿ ಬಿಗಿ ಐತಿ, ಒತ್ತಿ ತಿರುವು," ಎಂದಳು. ಅಷ್ಟು ಹೇಳಿ ಹೋದಳು. ಬೈಯಬಹುದಿತ್ತು. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಬೈದು ಹಗುರವಾಗುತ್ತಿದ್ದೆ.

ಮನೆಯಲ್ಲಿ ಮೊದಲ ಮಧ್ಯಾಹ್ನ ನಾನು ಚಾಪೆಯ ಮೇಲೆ ಅಡ್ಡಾದೆ. ಗೋಡೆಗಳು ತಂಪಾಗಿದ್ದವು. ಲಾರಿಗಳ ಸದ್ದು ಎಲ್ಲೋ ದೂರದಲ್ಲಿ ನಡೆದಂತೆ ಕೇಳುತ್ತಿತ್ತು. ಹನ್ನೊಂದು ವರ್ಷ ಲಾರಿಯ ಗಾಲಿಗಳ ಮಗ್ಗುಲಲ್ಲಿ ಗೊರಕೆ ಹೊಡೆದವಳು, ನಾಲ್ಕು ಗೋಡೆಯ ನಡುವೆ ಕಣ್ಣು ಪಿಳಿಪಿಳಿ ಬಿಡುತ್ತಾ ಬಿದ್ದಿದ್ದೆ. ಹೊಸ ಜಾಗ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಎರಡು ದಿನ ಹೋಗಿ ಎರಡು ವಾರವಾಯಿತು. ಅಂಕ ಐವತ್ತನಾಲ್ಕು.

ಹದಿನಾರನೇ ದಿನ ಸಂಜೆ ಕೇಂದ್ರಕ್ಕೆ ಹೋದಾಗ ಡಾಕ್ಟರು ಪರದೆಯ ಮುಂದೆ ನಿಂತಿದ್ದರು. ಮೇಲ್ಸೇತುವೆಯ ಕೆಳಗೆ ಒಂದು ಚುಕ್ಕೆ ಕಡುನೀಲಿ. ೩೧೧೮.

"ಆರು," ಎಂದರು. "ಪಟ್ಟಿ ತಲಿ ಬಿಟ್ಟು ಬಿದ್ದಿರಬೇಕು ಅಂತ ಹುಡುಗನ್ನ ಕಳಿಸಿದ್ದೆ. ಬಿದ್ದಿಲ್ಲ, ತಲ್ಯಾಗ ಗಟ್ಟಿ ಐತಿ. ಆಕಿ ಬಾಯಿ ತಗದ ಮಲಗ್ಯಾಳಂತ. ಪೇಟಿ ಗದ್ದಲದಾಗ, ಒಬ್ಬಾಕಿನ."

ನಾನು ಪೊರಕೆ ಗೋಡೆಗೆ ಒರಗಿಸಿದೆ. "ಯಾವಾಗಿಂದ್ರಿ?"

"ನೀ ಮನಿಯೊಳಗ ಹೋದ ದಿನದಿಂದ."

ಆಗ ಇಳಿಯಿತು ಎದೆಗೆ. ವಿಚಾರಣೆಯ ದಿನ ಗೆರೆಗಳನ್ನು ತೋರಿಸಿ ಹೇಳಿದ್ದು, ಕಿವಿಗೆ ಬಿದ್ದೂ ಬೀಳದೆ ಹೋದದ್ದು. ಅವಳಿಗೆ ಮನೆ ಬೇಕಾಗಿರಲಿಲ್ಲ ಎಂದಲ್ಲ. ಅವಳ ಮಿದುಳಿನ ಆ ಅರ್ಧ ಭಾಗಕ್ಕೆ ಬೇಕಾಗಿದ್ದದ್ದು ನಾನು ಒಂದು ಬಾಗಿಲೊಳಗೆ ಇರುವುದು. ನಾನು ಒಳಗೆ ಸೇರಿದೆ, ಅದು ಮಲಗಿತು.

"ಆಕಿಗೆ ಮತ್ತ ಮನಿ ಬರತೈತಲ್ರೀ ಮೇಡಂ?"

ಡಾಕ್ಟರು ತಲೆಯಾಡಿಸಿದರು. "ಆರು ಅಂಕದಾಕಿಗೆ ಹೆಂಗ ಬರಬೇಕು? ಯಂತ್ರದ ಪ್ರಕಾರ ದ್ಯಾಮವ್ವಗ ಈಗ ಮನಿ ಐತಿ."

ನಾನು ಕಸದ ಬುಟ್ಟಿಯ ಪಕ್ಕ ಕುಕ್ಕರಿಸಿ ಕೂತು, ತಕರಾರು ಬರೆದವಳು ನಾನೇ ಎಂದು ಹೇಳಿದೆ. ಹೊಟ್ಟೆಕಿಚ್ಚಿನಿಂದ ಬರೆದೆ ಎಂದೆ. ಡಾಕ್ಟರು ಬೈಯಲಿಲ್ಲ. "ನಾನೂ ಪಾಲಿಕೆಗೆ ಬರದ ಕೊಟ್ಟೇನಿ," ಎಂದರು. "ಒಟ್ಟಿಗೆ ಮಲಗೋರನ್ನ ಒಟ್ಟಿಗೇ ಅಳೀಬೇಕು, ಕಾಯೋರಿಗೂ ಕಾಯಿಸ್ಕೊಳ್ಳೋರಿಗೂ ಸೇರಿಸಿ ಒಂದ ಮನಿ ಕೊಡಬೇಕು, ರಕ್ತಸಂಬಂಧ ಕೇಳಬಾರದು ಅಂತ. ಸದಸ್ಯರು ಒಪ್ಪತಾರ, ಮಾತಾಡೇನಿ. ಆದ್ರ ಸಭಾ ಇರೂದು ನಿನ್ನ ತೊಂಬತ್ತ ದಿನ ಮುಗದ ಮರುದಿನ. ಅಲ್ಲೀತನ ಮನಿ ನಿನ್ನ ಕೈಯಾಗ ಉಳದ್ರ ದ್ಯಾಮವ್ವನೂ ಅದ ಮನಿಗೆ ಬರಬಹುದು. ನಿನ್ನ ಅಂಕ ಇಳೀಲಿಲ್ಲಂದ್ರ ಮನಿ ಬ್ಯಾರೆಯವರಿಗೆ ಹೋಗತೈತಿ. ನೀ ನಿದ್ದಿ ಮಾಡಬೇಕು ಪಕ್ಕೀರವ್ವ. ಅಷ್ಟ."

ಅಷ್ಟೇ! ಬಿಸಿ ನೀರಿನಲ್ಲಿ ಕಾಲಿಟ್ಟೆ, ಗಸಗಸೆ ಪಾಯಸ ಕುಡಿದೆ, ತಲೆಗೆ ಎಣ್ಣೆ ಒತ್ತಿದೆ. ಕಣ್ಣು ಮುಚ್ಚಿದರೆ ಆ ನೀಲಿ ಚುಕ್ಕೆ ಕಾಣುತ್ತಿತ್ತು. ಹೇಳಿದರೆ ನಗುತ್ತೀರಿ, ನನಗೆ ಅವಳ ಆ ನಿದ್ದೆಯ ಮೇಲೆ ಹೊಟ್ಟೆಕಿಚ್ಚಾಯಿತು. ಮನೆ ನನಗೆ ಸಿಕ್ಕರೂ ಸುಖ ಅವಳಿಗೇ ಸಿಕ್ಕಿತಲ್ಲ ಎಂದು ಚಾಪೆಯ ಮೇಲೆ ಹೊರಳಾಡಿದೆ.

ಅರವತ್ತೊಂದನೇ ದಿನ ತಡೆಯಲಾಗದೆ ಮಧ್ಯಾಹ್ನ ಎದ್ದು ರಸ್ತೆ ದಾಟಿದೆ. ದ್ಯಾಮಕ್ಕ ಗೋಣಿತಟ್ಟಿನ ಮೇಲೆ ಅಂಗಾತ ಮಲಗಿದ್ದಳು. ಒಂದು ಕೈ ಎದೆಯ ಮೇಲೆ, ಬಾಯಿ ತೆರೆದು, ಸಣ್ಣ ಗೊರಕೆ. ಇಷ್ಟು ವರ್ಷದಲ್ಲಿ ಅವಳು ಹೀಗೆ ಮೈಮರೆತು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತೆ.

ಆ ಸೇತುವೆಯ ಕೆಳಗಿನ ಮಧ್ಯಾಹ್ನ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕೂತಲ್ಲಿಂದ ನೋಡಿದೆ. ನಾಯಿಯೊಂದು ಬಂದು ಅವಳ ಬುತ್ತಿಯ ಗಂಟು ಮೂಸಿತು, ಓಡಿಸಿದೆ. ಕುಡಿದವನೊಬ್ಬ ತೂರಾಡುತ್ತಾ ಬಂದು ಅವಳ ಕಾಲ ಬಳಿ ನಿಂತ, ನಾನು ನೋಡುತ್ತಿರುವುದನ್ನು ಕಂಡು ಮುಂದೆ ಹೋದ. ಗಡ್ಡೆ ತುಂಬಿದ ಲಾರಿಯೊಂದು ಹಿಂದಕ್ಕೆ ಬಂತು. ಅದರ ಗಾಲಿ ಎರಡು ಮಾರು ದೂರಕ್ಕೆ ಬರುವವರೆಗೂ ಚಾಲಕ ಕನ್ನಡಿ ನೋಡಲಿಲ್ಲ. ನಾನು ಎದ್ದು ನಿಂತು ಅದರ ಬದಿಗೆ ಬಡಿದು ಕೂಗಿದೆ. ಒಂದು ತಾಸಿನಲ್ಲಿ ಇಷ್ಟು. ಹನ್ನೊಂದು ವರ್ಷಕ್ಕೆ ಎಷ್ಟು ತಾಸಾಗುತ್ತದೆ ಎಂದು ಲೆಕ್ಕ ಹಾಕಲು ಹೋಗಿ, ಬಿಟ್ಟೆ.

ಕೂಗಿಗೆ ಅವಳಿಗೆ ಎಚ್ಚರವಾಯಿತು. ನನ್ನನ್ನು ಕಂಡು ಧಡಕ್ಕನೆ ಎದ್ದು ಕೂತಳು.

"ಮನಿ ಬಿಟ್ಟ ಯಾಕ ಬಂದಿ? ಪಟ್ಟಿ ಎಲ್ಲೈತಿ?"

"ತಲ್ಯಾಗ ಐತಿ," ಎಂದೆ. ಆಮೇಲೆ ಅಳು ಬಂತು. "ಯಕ್ಕಾ, ಆ ತಕರಾರು ಬರದಾಕಿ ನಾನ."

"ಗೊತ್ತೈತಿ. ತೊಡಿ ಚೂಟಿಕೊಳ್ಳೂದು ನೀ ಬಿಟ್ಟ ಯಾರ ನೋಡ್ಯಾರ?"

"ಗೊತ್ತಿದ್ದೂ ಕೊಟ್ಟಿ?"

ಅವಳು ತಂಬಾಕಿನ ಡಬ್ಬಿ ತೆಗೆದು, ಮತ್ತೆ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. "ಮೊದಲನೇ ವರ್ಷ ನೀ ಮಲಗಿದ್ದಾಗ ಲಾರಿ ಹಿಂದಕ ಬಂದಿತ್ತು. ನಿನ್ನ ಎರಡೂ ಕಾಲ ಹಿಡದ ಜಗ್ಗಿದೆ. ನಿನಗ ಎಚ್ಚರನ ಆಗಲಿಲ್ಲ, ಅತ್ತಾಗ ಹೊಳ್ಳಿ ಮಲಗಿದಿ. ಇಂಥಾಕಿನ್ನ ಬಿಟ್ಟ ನಾ ಹೆಂಗ ಮಲಗಲಿ ಅನಸ್ತು. ಅವತ್ತಿಂದ ರೂಢಿ ಆತು."

ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಸಭೆಯ ದಿನ, ಇಬ್ಬರಿಗೊಂದು ಮನೆ, ನನ್ನ ಅಂಕ. "ನನಗ ನಿದ್ದಿ ಬರವಲ್ದು ಯಕ್ಕಾ. ನೀ ಮಲಗು, ನಾ ಇಲ್ಲೆ ಕೂತ ಕಾಯತೀನಿ. ಮನಿ ಹೋದ್ರ ಹೋಗಲಿ."

"ನೀ ಹೊರಗ ಕೂತ್ರ ನನಗ ನಿದ್ದಿ ಎಲ್ಲಿಂದ ಬರಬೇಕು?" ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಹನ್ನೊಂದ ವರ್ಷ ಆದ ಮ್ಯಾಲ ಈಗಷ್ಟ ಕಣ್ಣ ತುಂಬ ನಿದ್ದಿ ಕಂಡೇನಿ. ಅದನ್ನೂ ಕೆಡಸಬ್ಯಾಡ. ಏಳು, ಒಳಗ ಹೋಗು."

ಎದ್ದೆ. ರಸ್ತೆ ದಾಟಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ನೋಡಿದೆ. ಅವಳು ನನ್ನ ಬಾಗಿಲ ಕಡೆಯೇ ನೋಡುತ್ತಿದ್ದಳು. ಅದು ಮುಚ್ಚಿದ್ದನ್ನು ಕಂಡ ಮೇಲೆ ಗೋಣಿತಟ್ಟು ಸರಿಮಾಡಿ ಮಲಗಿದಳು. ಎಣಿಸಿ ಹತ್ತು ಆಗುವಷ್ಟರಲ್ಲಿ ಅವಳ ಕೈ ಎದೆಯಿಂದ ಜಾರಿ ನೆಲಕ್ಕೆ ಬಿತ್ತು.

ನಾನು ಚಾಪೆಯ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿದೆ. ಹೊಟ್ಟೆಯಲ್ಲಿ ಅದೇ ಉರಿ. ಮೊದಲು ಅವಳ ಮನೆಯ ಮೇಲೆ ಇತ್ತು, ಈಗ ಅವಳ ಮೇಲೆಯೇ. ಅವಳಂಥವಳು ನಾನಾಗಲಿಲ್ಲವಲ್ಲ ಎಂಬ ಉರಿ. ಅವಳು ನನಗಾಗಿ ಹನ್ನೊಂದು ವರ್ಷ ಎಚ್ಚರವಿದ್ದಳು. ನಾನು ಅವಳಿಗಾಗಿ ಇಪ್ಪತ್ತೊಂಬತ್ತು ದಿನ ನಿದ್ದೆ ಮಾಡಬೇಕು. ಅಷ್ಟನ್ನೂ ಮಾಡಲು ಬಾರದೆ, ರೆಪ್ಪೆ ಬಿಗಿಹಿಡಿದುಕೊಂಡು ಬಿದ್ದಿದ್ದೇನೆ.